ಸಂಕಜ್ಜಿಯನ್ನು ಹುಡುಕಿದ ಬೇಸಿಗೆ

ಕಳೆದ ವಾರ ಅಮ್ಮ ರೇಷನ್ ಕಾರ್ಡು ಹುಡುಕಲೆಂದು ಕಪಾಟಿನ ಕೆಳಗಿನ ಅರೆ ತೆರೆದಾಗ ನುಸಿಗುಳಿಗೆಯ ವಾಸನೆ ಕೋಣೆಯಿಡೀ ಹರಡಿತು. ನಾನು ಎದ್ದು ಹೊರಗಿನ ಜಗಲಿಗೆ ಹೋದೆ. ಆರು ವರ್ಷಗಳಿಂದ ಹೀಗೆಯೇ. ಯಾಕೆಂದು ಅಮ್ಮ ಕೇಳುವುದಿಲ್ಲ, ಅವಳಿಗೆ ಗೊತ್ತು. ಆ ವಾಸನೆ ನನಗೆ ಬಟ್ಟೆಯದ್ದಲ್ಲ, ಹಳೆಯ ದಸ್ತಾವೇಜುಗಳದ್ದು. ಒಂದು ಏಪ್ರಿಲ್ ಪೂರ್ತಿ ನಾನು ಅದರ ನಡುವೆ ಕೂತಿದ್ದೆ.

ಆ ವರ್ಷ ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ ಕುಂಜತ್ತೂರಿನ ಕಡೆಯ ಒಂದು ಶಾಲೆಯಲ್ಲಿ ದಿನಗೂಲಿಯ ಟೀಚರ್ ಆಗಿದ್ದೆ. ಮಾರ್ಚ್ ಕೊನೆಗೆ ಶಾಲೆ ಮುಚ್ಚಿತು. ಜೂನಿನಲ್ಲಿ ಮತ್ತೆ ಕರೆಯುತ್ತಾರೆಂಬ ಖಾತ್ರಿ ಇರಲಿಲ್ಲ. ಅಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು. ಕುಂಬಳೆ ಪೇಟೆಯಿಂದ ಸ್ವಲ್ಪ ಒಳಗಿನ ನಮ್ಮ ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಅಮ್ಮ ಅಂಗನವಾಡಿಯ ಕೆಲಸದಿಂದ ಆಗಷ್ಟೇ ನಿವೃತ್ತಳಾಗಿದ್ದಳು. ಹಗಲು ಹೇಗೆ ಕಳೆಯುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಪುತ್ತಿಗೆಯಲ್ಲಿ ನಮ್ಮ ಕುಟುಂಬದ ಮನೆಯ ದೈವದ ಚಾವಡಿಯನ್ನು ಕೆಡವಿ ಹೊಸದಾಗಿ ಕಟ್ಟುತ್ತಿದ್ದರು. ಮೇ ತಿಂಗಳಲ್ಲಿ ದೈವಗಳನ್ನು ಒಳಗೆ ತರುವುದೆಂದು ದಿನ ನಿಶ್ಚಯವಾಗಿತ್ತು. ನಮ್ಮದು ಅಳಿಯಸಂತಾನದ ಮನೆ. ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿದವರು ಮಾತ್ರ ಈ ಕುಟುಂಬದವರು. ಗಂಡಸರ ಮಕ್ಕಳು ಅವರವರ ತಾಯಿಯ ಕುಟುಂಬಕ್ಕೆ ಸೇರುತ್ತಾರೆ. ಒಬ್ಬ ಮೂಲ ಹೆಂಗಸಿನಿಂದ ಇಳಿದು ಬಂದವರನ್ನೆಲ್ಲ ಸೇರಿಸಿ ಒಂದು ಕವರು ಎನ್ನುತ್ತಾರೆ. ನಮ್ಮಲ್ಲಿ ಮೂವರು ಅಕ್ಕತಂಗಿಯರ ಹೆಸರು ಹೇಳುತ್ತಿದ್ದರು: ದುಗ್ಗಮ್ಮ, ಚೆನ್ನಮ್ಮ, ಸಂಕು. ಚೆನ್ನಮ್ಮನಿಗೆ ಮಕ್ಕಳಾಗಲಿಲ್ಲ. ದುಗ್ಗಮ್ಮನ ಕವರು ದೊಡ್ಡದು. ಯಜಮಾನರಾದ ವಾಸು ಮಾವ ಅದರವರು. ಸಂಕುವಿನ ಮಗಳು ಉಮ್ಮಕ್ಕ, ಉಮ್ಮಕ್ಕನ ಮಗಳು ನನ್ನಜ್ಜಿ, ಅಜ್ಜಿಯ ಮಗಳು ಅಮ್ಮ, ಅಮ್ಮನ ಮಗಳು ನಾನು. ಈ ಕವರಿನಲ್ಲಿ ಬೇರೆ ಯಾರೂ ಉಳಿದಿಲ್ಲ.

ಇಡೀ ಕುಟುಂಬದಲ್ಲಿ ಬದುಕಿರುವ ಹೆಂಗಸರ ಪೈಕಿ ಅಮ್ಮನೇ ಹಿರಿಯವಳು. ಹಾಗಾಗಿ ವರ್ಷಕ್ಕೊಮ್ಮೆ ನಡೆಯುವ ತಂಬಿಲದ ದಿನ ದೈವದ ಮುಂದೆ ದೀಪ ಇಡುವ ಹಕ್ಕು ಅವಳದ್ದು. ಅಂಗನವಾಡಿಯಲ್ಲಿ ಮೂವತ್ತು ವರ್ಷ ಬೇರೆಯವರ ಮಕ್ಕಳ ಮೂಗು ಒರೆಸಿದವಳಿಗೆ, ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ಮದುವೆಮನೆಗಳಲ್ಲಿ ಹಿಂದಿನ ಸಾಲಿಗೆ ಸರಿದವಳಿಗೆ, ಎಲ್ಲರೂ ದಾರಿ ಬಿಟ್ಟುಕೊಡುತ್ತಿದ್ದ ಜಾಗ ಅದೊಂದೇ. ಹೊಸ ಚಾವಡಿಯ ಮೊದಲ ದೀಪವೂ ಅವಳದ್ದೇ ಆಗಬೇಕಿತ್ತು. ಮಂಗಳೂರಿಗೆ ಹೋಗಿ ಒಂದು ಹತ್ತಿ ಸೀರೆ ತಂದಿಟ್ಟಿದ್ದಳು.

ಒಂದು ಮಧ್ಯಾಹ್ನ ವಾಸು ಮಾವ ಮನೆಗೆ ಬಂದರು. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಯಾವ ಕೆಲಸ ಯಾರಿಂದ ಮಾಡಿಸಬೇಕೆಂದು ಬಲ್ಲವರು.

"ನೀನು ಹಿಸ್ಟರಿ ಅಲ್ವಾ ಓದಿದ್ದು? ಆ ರಾಜರ ವಂಶ ಎಲ್ಲ ನಿನಗೆ ಬಾಯಿಪಾಠ ಉಂಟು. ಒಮ್ಮೆ ನಮ್ಮದನ್ನೂ ಬರೆ. ಚಾವಡಿಯ ಗೋಡೆಗೆ ಕಟ್ಟು ಹಾಕಿಸಿ ಇಡುವ."

"ದಾಖಲೆ ಬೇಕಾಗ್ತದೆ ಮಾವ. ಬಾಯಲ್ಲಿ ಹೇಳಿದ್ದನ್ನು ಬರೆದ್ರೆ ಆಗುದಿಲ್ಲ."

"ದಾಖಲೆ ಹುಡುಕು. ಬೇಡ ಹೇಳಿದ್ದು ಯಾರು?"

ಅವರು ಒಂದು ಬಿಸ್ಕತ್ತಿನ ಡಬ್ಬಿ ಕೊಟ್ಟು ಹೋದರು. ಅದರಲ್ಲಿ ಮದುವೆಗಳ ಫೋಟೋಗಳು, ಪಾಸ್‌ಪೋರ್ಟಿನ ಮುಖಗಳು, ತಳದಲ್ಲಿ ದಪ್ಪ ರಟ್ಟಿಗೆ ಅಂಟಿಸಿದ ಒಂದು ಗುಂಪಿನ ಚಿತ್ರ. ಅಂಗಳದಲ್ಲಿ ಜಮಖಾನ ಹಾಸಿ, ಬೆಂಚಿಟ್ಟು ತೆಗೆದದ್ದು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಹೆಸರುಗಳಿದ್ದವು. ಬೆಂಚಿನ ಮೇಲೆ ದುಗ್ಗಮ್ಮ ಮತ್ತು ಚೆನ್ನಮ್ಮ, ಇಬ್ಬರ ಕೈಗಳೂ ಮೊಣಕಾಲ ಮೇಲೆ. ಬಲತುದಿಯಲ್ಲಿ ಹನ್ನೆರಡು ವರ್ಷದ ಉಮ್ಮಕ್ಕ ನಿಂತಿದ್ದಾಳೆ. ಎಲ್ಲರ ಪಾದಗಳೂ ಜಮಖಾನದ ಮೇಲೆ, ಅವಳದ್ದು ಮಾತ್ರ ಮಣ್ಣಿನ ಮೇಲೆ. ನನ್ನ ನೋಟುಪುಸ್ತಕದಲ್ಲಿ ಬರೆದುಕೊಂಡೆ: "ಜಮಖಾನ ಸಾಲಲಿಲ್ಲ."

ಸಂಕಜ್ಜಿಯ ಚಿತ್ರ ಎಲ್ಲೂ ಇರಲಿಲ್ಲ. "ಅವಳು ಬಾಣಂತಿಯಾಗಿರುವಾಗಲೇ ಹೋದದ್ದಂತೆ. ಫೋಟೋ ಎಲ್ಲಿಂದ?" ಎಂದಳು ಅಮ್ಮ. ಸತ್ತವರಿಗೆ ಎಲೆ ಹಾಕಿ ಬಡಿಸುವ ದಿನ ಅಮ್ಮ ಸಂಕಜ್ಜಿಗೆಂದು ಒಂದು ಎಲೆ ಬೇರೆಯೇ ಹಾಕುತ್ತಿದ್ದಳು. ಹಾಲು ಬತ್ತದ ಹೆಂಗಸು ಎಂದು ಅದಕ್ಕೆ ಖಾರ ಕಡಿಮೆ ಬಡಿಸುತ್ತಿದ್ದಳು.

ಮೊದಲು ವಿಲ್ಲೇಜ್ ಆಫೀಸಿನಿಂದ ಹಳೆಯ ಜಾಗದ ವಿವರ ತೆಗೆಸಿದೆ. ಕಂಪ್ಯೂಟರಿನಿಂದ ಬಂದ ಹಾಳೆ ಮಲಯಾಳದಲ್ಲಿತ್ತು. ನಾನು ಕನ್ನಡ ಮಾಧ್ಯಮದವಳು. ಮಲಯಾಳವನ್ನು ಅಕ್ಷರ ಅಕ್ಷರ ಕೂಡಿಸಿ ಓದಬೇಕು. "ಶಂಕು ಮಗಳ್ ಉಮ್ಮಕ್ಕ" ಎಂದಿತ್ತು. ಶಂಕು ಎಂದರೆ ಮಲಯಾಳದಲ್ಲಿ ಗಂಡಸಿನ ಹೆಸರು. ಆ ಭಾನುವಾರ ಚಾವಡಿಯ ಕೆಲಸ ನೋಡಲು ಹೋದಾಗ ಈ ಹಾಳೆಯನ್ನು ತೋರಿಸಿದೆ. ವಾಸು ಮಾವನ ತಂಗಿ ಲೀಲ ಚಿಕ್ಕಮ್ಮನ ಮಗ ರತ್ನಾಕರ ದುಬಾಯಿಯಿಂದ ರಜೆಯಲ್ಲಿ ಬಂದಿದ್ದ.

"ಎಂತ ಮಾರಾಯ್ತಿ, ನಿಮ್ಮ ಸಂಕಜ್ಜಿ ಶಂಕು ಅಜ್ಜ ಆಗಿಬಿಟ್ರಲ್ಲ. ಮೀಸೆ ಇತ್ತಾ ಹೇಗೆ?"

ಎಲ್ಲರೂ ನಕ್ಕರು. "ಗಂಡಸಿನಿಂದ ಶುರುವಾದ ಕವರು ಇದೊಂದೇ ಇರ್ಬೇಕು," ಎಂದರು ಲೀಲ ಚಿಕ್ಕಮ್ಮ. ಅಮ್ಮನೂ ನಕ್ಕಳು, ಆದರೆ ಸೆರಗನ್ನು ಎಳೆದುಕೊಂಡಳು. ಅದನ್ನು ನೋಡಿದ ಮೇಲೆ ನನಗೆ ಹಠ ಬಂತು. ಮೂಲ ದಸ್ತಾವೇಜು ಕನ್ನಡದಲ್ಲಿರಲೇಬೇಕು. ನಮ್ಮ ಗಡಿನಾಡು ಮಲಯಾಳದವರ ರಾಜ್ಯಕ್ಕೆ ಸೇರುವ ಮೊದಲಿನ, ಮದ್ರಾಸು ಸರಕಾರದ ಕಾಲದ್ದಾದ್ದರಿಂದ ಇಲ್ಲಿ ಬರೆದದ್ದೆಲ್ಲ ಕನ್ನಡದಲ್ಲೇ. ಅದನ್ನು ತಂದು ಸಂಕಜ್ಜಿಯನ್ನು ಮತ್ತೆ ಹೆಂಗಸು ಮಾಡುತ್ತೇನೆಂದು ಹೊರಟೆ.

ಸಬ್‌ ರಿಜಿಸ್ಟ್ರಾರ್ ಕಚೇರಿಗೆ ಬೆಳಿಗ್ಗೆಯ ಬಸ್ಸಿನಲ್ಲಿ ಹೋಗುತ್ತಿದ್ದೆ. ಸಮುದ್ರದ ಕಡೆಯಿಂದ ಗಾಳಿಯೇ ಇಲ್ಲದ ಬೇಸಿಗೆ. ಕಚೇರಿಯ ಹಿಂದಿನ ಗೇರುಮರದ ಹಣ್ಣುಗಳು ಬಿದ್ದು ಕೊಳೆತು, ಆ ಹುಳಿ ವಾಸನೆಯೂ ಒಳಗಿನ ನುಸಿಗುಳಿಗೆಯ ವಾಸನೆಯೂ ಸೇರಿ ತಲೆ ಸಿಡಿಯುತ್ತಿತ್ತು. ಅಲ್ಲಿನ ಗುಮಾಸ್ತರು ಕೊಲ್ಲಂ ಕಡೆಯವರು, ಸೌಮ್ಯ ಮನುಷ್ಯ. ಸಂಪುಟ ತೆರೆದು ನೋಡಿ, "ಇದ್ ಕನ್ನಡಮಾಣಲ್ಲೋ, ಎನಿಕ್ಕ್ ಅರಿಯಿಲ್ಲ," ಎಂದು ಕೈಚೆಲ್ಲಿದರು. ಕನ್ನಡ ಓದುವವರು ರಜೆಯಲ್ಲಿದ್ದರು. ಹೊರಗಿನ ಜಗಲಿಯಲ್ಲಿ ಮೇಜಿಟ್ಟುಕೊಂಡು ಐವತ್ತು ವರ್ಷ ಆಧಾರ, ಅಂದರೆ ಆಸ್ತಿಯ ದಸ್ತಾವೇಜು, ಬರೆದ ಪಾಸ್ಕಲ್ ಎಂಬವರನ್ನು ಕರೆಸಿದರು. ಕೊಂಕಣಿ ಮನೆಮಾತಿನ, ಎಪ್ಪತ್ತು ದಾಟಿದ ಹಿರಿಯರು. ನಾನು ಅಂಕಲ್ ಎಂದು ಕರೆಯುತ್ತಿದ್ದೆ. ಹಳೆಯ ಮೋಡಿ ಬರಹ, ಪದಗಳ ನಡುವೆ ಜಾಗವಿಲ್ಲ. ಅವರು ಬೆರಳನ್ನು ಹಾಳೆಗೆ ತಾಗಿಸದೆ, ಗಾಳಿಯಲ್ಲಿ ಸಾಗಿಸುತ್ತ ಓದುತ್ತಿದ್ದರು. ಎಂಟು ದಿನ ಸಿಗಲಿಲ್ಲ. ಒಂಬತ್ತನೆಯ ದಿನ ಕುಟುಂಬದ ಪಾಲುಪತ್ರ ಸಿಕ್ಕಿತು.

"ಒಂದನೇ ನಂಬ್ರ, ಮೃತ ಲಿಂಗಮ್ಮನ ಮಗಳು ದುಗ್ಗಮ್ಮ. ಎರಡನೇ ನಂಬ್ರ, ಸದ್ರಿ ಲಿಂಗಮ್ಮನ ಮಗಳು ಚೆನ್ನಮ್ಮ. ಮೂರನೇ ನಂಬ್ರ, ಸದ್ರಿ ಎರಡನೇ ನಂಬ್ರದವಳ..." ಅವರು ನಿಂತರು. ಕನ್ನಡಕ ಒರೆಸಿಕೊಂಡರು. "ಸಾಂಕು ಮಗಳು ಉಮ್ಮಕ್ಕ."

"ಸಂಕು ಅಂಕಲ್."

"ಸಂಕು ಅಲ್ಲ. ದೀರ್ಘ ಉಂಟು, ನೋಡು."

"ಹೆಸರನ್ನು ಹಾಗೆ ಎಳೆದು ಬರೆದಿರ್ಬೇಕು."

"ಹೆಸರಾದ್ರೆ ಎರಡನೇ ನಂಬ್ರದವಳ ಅಂತ ಯಾಕೆ ಬರೀತಾರೆ ಮಗಳೇ? ನೀನು ತುಳು ಮಾತಾಡುವವಳಲ್ವಾ. ಸಾಂಕುನಿ ಅಂದ್ರೆ ಎಂತ?"

ಸಾಕುವುದು. ಬೆಕ್ಕಿಗೆ, ಕರುವಿಗೆ, ತಬ್ಬಲಿ ಮಕ್ಕಳಿಗೆ ನಾವು ದಿನಾ ಬಳಸುವ ಮಾತು. ದಸ್ತಾವೇಜು ಬರೆದವನೂ ತುಳುವನೇ ಇರಬೇಕು. ಕನ್ನಡದ 'ಸಾಕುಮಗಳು' ಅವನ ಲೇಖನಿಯಲ್ಲಿ ಮನೆಮಾತಾಗಿ ಜಾರಿತ್ತು. ಆಮೇಲೆ ಯಾರೋ ಅದನ್ನು ಹೆಸರೆಂದು ಓದಿದರು, ಅಥವಾ ಹೆಸರೆಂದು ಓದುವುದೇ ಒಳ್ಳೆಯದೆಂದು ಓದಿದರು. ಸಂಕು ನಮ್ಮಲ್ಲಿ ಹೆಂಗಸರಿಗೆ ಇಡುವ ಹೆಸರೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಮಲಯಾಳದವನು ಅವಳನ್ನು ಗಂಡಸು ಮಾಡಿದ. ಆದರೆ ಅದಕ್ಕೂ ಮೊದಲೇ ನಾವು ಒಂದು ಪದವನ್ನು ಅಜ್ಜಿ ಮಾಡಿಕೊಂಡಿದ್ದೆವು.

ಮುಂದಿನ ಪುಟದಲ್ಲಿ ಇನ್ನೊಂದು ವಾಕ್ಯವಿತ್ತು. ಅದನ್ನು ಅಂಕಲ್ ಎರಡು ಸಲ ಓದಿದರು, ನಾನು ಬರೆದುಕೊಂಡೆ. "ಸದ್ರಿ ಉಮ್ಮಕ್ಕ ಎಂಬವಳು ನಮ್ಮ ಮನೆಗೆಲಸದ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದವಳಾದರೂ, ನಾವು ಅಕ್ಕತಂಗಿಯರು ಅವಳನ್ನು ನಮ್ಮ ಹೊಟ್ಟೆಯಲ್ಲಿ ಹುಟ್ಟಿದವಳೆಂದೇ ಎಣಿಸಿರುವುದರಿಂದ, ಅವಳೂ ಅವಳ ಸಂತಾನವೂ ನಮ್ಮ ಕುಟುಂಬದ ಒಂದು ಕವರಾಗಿ ನಡೆಯತಕ್ಕದ್ದು." ಕೆಳಗೆ ದುಗ್ಗಮ್ಮನ ಹೆಬ್ಬೆಟ್ಟು, ಚೆನ್ನಮ್ಮನ ಹೆಬ್ಬೆಟ್ಟು.

ಅಂಕಲ್ ಸಂಪುಟವನ್ನು ಮುಚ್ಚಿ ಅದರ ಮೇಲೆ ಅಂಗೈ ಇಟ್ಟರು. "ಇದನ್ನು ಇಲ್ಲಿಯೇ ಬಿಟ್ಟು ಹೋದ್ರೆ ಎಂತ?"

"ಯಾಕೆ ಅಂಕಲ್? ಒಳ್ಳೆಯದನ್ನೇ ಬರೆದಿದ್ದಾರಲ್ಲ."

"ಒಳ್ಳೆಯದೇ. ಆದ್ರೆ ಜನ ಆಧಾರವನ್ನು ಪೂರ್ತಿ ಓದುದಿಲ್ಲ. ಅವರಿಗೆ ಬೇಕಾದ ಗೆರೆ ಬರುವವರೆಗೆ ಓದ್ತಾರೆ. ನನ್ನ ಐವತ್ತು ವರ್ಷ ಹಾಗೇ ಹೋದದ್ದು."

ನಾನು ದೃಢೀಕೃತ ನಕಲಿಗೆ ಅರ್ಜಿ ಕೊಟ್ಟು ಬಂದೆ. ಸಂಕಟವಾಗಲಿಲ್ಲ ಎಂದರೆ ಸುಳ್ಳು. ಬಸ್ಸಿನಲ್ಲಿ ಸಂಕಜ್ಜಿಯ ಖಾರವಿಲ್ಲದ ಎಲೆ ನೆನಪಾಯಿತು. ಆದರೆ ಅದಕ್ಕಿಂತ ಹೆಚ್ಚಾಗಿ ನನಗೆ ಹೆಮ್ಮೆಯಾಗಿತ್ತು. ಓದುಬರಹ ಇಲ್ಲದ ಇಬ್ಬರು ಹೆಂಗಸರು ಆ ಕಾಲದಲ್ಲಿ ಇಂಥ ವಾಕ್ಯವನ್ನು ಬರೆಸಿದ್ದರು. ಇದಕ್ಕಿಂತ ದೊಡ್ಡ ವಂಶ ಯಾವ ರಾಜನಿಗಿತ್ತು? ನಾನು ಹಾಗೆ ಯೋಚಿಸಿದೆ. ಹತ್ತು ದಿನ ಯಾರಿಗೂ ಹೇಳಲಿಲ್ಲ, ಅಮ್ಮನಿಗೂ. ಮಾತನ್ನು ಒಳಗಿಟ್ಟುಕೊಳ್ಳುವುದು ನನ್ನ ಸ್ವಭಾವ. ಅದನ್ನು ಜಾಣತನವೆಂದು ತಿಳಿದಿದ್ದೆ. ದೊಡ್ಡ ಚಾರ್ಟಿನ ಮೇಲೆ ವಂಶವೃಕ್ಷವನ್ನು ಚೌಕಟ್ಟು ಚೌಕಟ್ಟಾಗಿ ಬರೆದೆ. ಚೆನ್ನಮ್ಮನ ಕೆಳಗೆ ಗೆರೆ ಎಳೆದು ಉಮ್ಮಕ್ಕ, ಅವಳ ಕೆಳಗೆ ನಾವು. ಸಂಕು ಇದ್ದ ಚೌಕಟ್ಟನ್ನು ತೆಗೆದೆ.

ಕುಟುಂಬದ ಸಭೆಯಲ್ಲಿ ಸುಮಾರು ಮೂವತ್ತು ಜನರಿದ್ದರು. ಅಮ್ಮ ಮುಂದಿನ ಸಾಲಿನಲ್ಲಿ. ನಾನು ಸುರುಳಿ ಸುತ್ತಿದ ಚಾರ್ಟನ್ನು ವಾಸು ಮಾವನ ಪಕ್ಕ ಇಟ್ಟು, ಎದ್ದು ನಿಂತು ನಕಲನ್ನು ಪೂರ್ತಿ ಓದಿದೆ, 'ನಡೆಯತಕ್ಕದ್ದು' ಎಂಬಲ್ಲಿಯವರೆಗೆ, ನಿಧಾನವಾಗಿ. ಓದಿ ತಲೆಯೆತ್ತಿದಾಗ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಅಮ್ಮನನ್ನು ನೋಡುತ್ತಿದ್ದರು.

ವಾಸು ಮಾವ ಕೈಚಾಚಿ ಕಾಗದ ತೆಗೆದುಕೊಂಡರು. ಬೆರಳಿಟ್ಟು ಓದಿದರು. ಬೆರಳು 'ಹುಟ್ಟಿದವಳಾದರೂ' ಎಂಬಲ್ಲಿ ನಿಂತಿತು, ಅಲ್ಲಿಂದ ಮುಂದೆ ಹೋಗಲಿಲ್ಲ.

"ಕೆಲಸದವಳು ಅಂದ್ರೆ ಯಾವ ಜಾತಿ ಅಂತ ಉಂಟಾ ಅದರಲ್ಲಿ?" ಲೀಲ ಚಿಕ್ಕಮ್ಮ ಕೇಳಿದರು.

"ಇಲ್ಲ. ಹೆಸರೂ ಇಲ್ಲ."

"ಹಾಗಾದ್ರೆ ಬರಿ?" ಬರಿ ಎಂದರೆ ತಾಯಿಯಿಂದ ಬರುವ ನಮ್ಮ ಗೋತ್ರ. "ಬರಿ ಯಾವುದೂಂತ ಗೊತ್ತಿಲ್ಲದವರು ಇಷ್ಟು ವರ್ಷ ಒಳಗೆ ದೀಪ..." ಅವರು ಮಾತನ್ನು ಅಲ್ಲಿಗೇ ಬಿಟ್ಟರು. ಅಮ್ಮನ ನಂತರದ ಹಿರಿಯ ಹೆಂಗಸು ಅವರೇ.

"ಮಾವ, ವಾಕ್ಯ ಮುಗಿದಿಲ್ಲ. ಮುಂದೆ ಓದಿ," ಎಂದೆ.

"ಓದಿದೆ. ಅದು ಹೆಂಗಸರು ಪ್ರೀತಿಯಲ್ಲಿ ಬರೆಸಿದ್ದು. ದೈವಕ್ಕೆ ಪ್ರೀತಿ ಸಾಕಾಗುದಿಲ್ಲ. ನಾನು ಹೇಳುದಲ್ಲ, ಕ್ರಮ ಹಾಗೆ."

"ಎಪ್ಪತ್ತು ಎಂಬತ್ತು ವರ್ಷದಿಂದ ನಡೆದದ್ದು ಕ್ರಮ ಅಲ್ವಾ?"

"ಗೊತ್ತಿಲ್ಲದೆ ನಡೆದದ್ದು ಬೇರೆ. ಈಗ ಗೊತ್ತಾಯ್ತಲ್ಲ." ಅವರು ಕಾಗದವನ್ನು ಮಡಚಿ ಕಿಸೆಗೆ ಹಾಕಿದರು. ದನಿ ಏರಿಸಲಿಲ್ಲ, ನನ್ನನ್ನು ಗದರಿಸಲೂ ಇಲ್ಲ. "ನೀನೇ ಹೇಳಿದ್ದಲ್ವಾ, ಬಾಯಲ್ಲಿ ಹೇಳಿದ್ರೆ ಆಗುದಿಲ್ಲ, ದಾಖಲೆ ಬೇಕು ಅಂತ."

ಹಿಂದಿರುಗುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಕೂತಿದ್ದಳು. ಸೀತಾಂಗೋಳಿ ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ನನ್ನ ಹತ್ರ ಮೊದಲು ಹೇಳ್ಬೋದಿತ್ತು."

"ಎಲ್ಲರ ಎದುರು ಓದಿದ್ರೆ ಖುಷಿಯಾಗ್ತದೆ ಅಂತ ಎಣಿಸಿದೆ."

"ಯಾರಿಗೆ?"

ಆಮೇಲೆ ತಾನಾಗಿಯೇ ಹೇಳಿದಳು: "ಇಷ್ಟು ವರ್ಷ ಸಂಕಜ್ಜಿಗೆ ಎಲೆ ಹಾಕಿದ್ದೇನೆ. ಉಂಡದ್ದು ಯಾರು ಹಾಗಾದ್ರೆ?"

ಅದಕ್ಕೆ ಉತ್ತರ ಕೊಡಬೇಕೆಂದು ಮತ್ತೆ ಎರಡು ವಾರ ಕಚೇರಿಗಳಿಗೆ ಅಲೆದೆ. ಉಮ್ಮಕ್ಕನನ್ನು ಹೆತ್ತವಳ ಹೆಸರು ಎಲ್ಲಾದರೂ ಇರಬಹುದೆಂಬ ಆಸೆ. ಜನನದ ಪುಸ್ತಕ ಆ ಕಾಲದ್ದು ಸಿಗಲಿಲ್ಲ. ಭೂಮಿ ಇಲ್ಲದವರು ಭೂಮಿಯ ದಾಖಲೆಯಲ್ಲಿ ಬರುವುದಿಲ್ಲ. ಹೆಬ್ಬೆಟ್ಟು ಒತ್ತಲೂ ಒಂದು ಆಸ್ತಿ ಬೇಕು. ಮನೆಯಲ್ಲಿ ಕೂತು ಭೂತಗನ್ನಡಿಯಿಂದ ಆ ಗುಂಪಿನ ಚಿತ್ರವನ್ನು ಇಂಚಿಂಚಾಗಿ ನೋಡಿದೆ. ಬೆಂಚಿನ ಹಿಂದೆ, ಬಾಗಿಲ ಕತ್ತಲಲ್ಲಿ, ಯಾರದೋ ಒಂದು ಮೊಣಕೈ. ಹಿಂಬದಿಯ ಪೆನ್ಸಿಲಿನ ಪಟ್ಟಿಯಲ್ಲಿ ಅದಕ್ಕೆ ಹೆಸರಿಲ್ಲ. ಅವಳದ್ದೇ ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ, ಅಲ್ಲ ಎನ್ನಲೂ ಇಲ್ಲ. ನೋಟುಪುಸ್ತಕದಲ್ಲಿ 'ಜಮಖಾನ ಸಾಲಲಿಲ್ಲ' ಎಂದು ಬರೆದದ್ದನ್ನು ಹೊಡೆದು ಹಾಕಿದೆ.

ಮೇ ಮೊದಲ ವಾರ ವಾಸು ಮಾವ ಬಂದರು. ಜೊತೆಗೆ ಲೀಲ ಚಿಕ್ಕಮ್ಮ. ಅಮ್ಮ ಬೆಲ್ಲ, ನೀರು ಕೊಟ್ಟಳು. ಮಾವ ಚೀಲದಿಂದ ಒಂದು ಲಕೋಟೆ ತೆಗೆದು, ಮೇಲೆ ಅರಸಿನ ಹಚ್ಚಿದ್ದನ್ನು, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಆಮಂತ್ರಣ ಪತ್ರಿಕೆ. ನಮ್ಮಲ್ಲಿ ಕುಟುಂಬದವರಿಗೆ ಕಾಗದ ಕೊಡುವ ಕ್ರಮವಿಲ್ಲ. ಅವರ ಮನೆಯ ಕಾರ್ಯಕ್ಕೆ ಅವರನ್ನೇ ಕರೆಯುವುದುಂಟೇ? ಕಾಗದ ಹೊರಗಿನವರಿಗೆ. ಲಕೋಟೆಯ ಮೇಲೆ ಅಮ್ಮನ ಹೆಸರು, ಮುಂದೆ 'ಮತ್ತು ಮನೆಯವರಿಗೆ'.

ಬೈದಿದ್ದರೆ ಜಗಳವಾಡಬಹುದಿತ್ತು. ಬರಬೇಡಿ ಎಂದಿದ್ದರೆ ಹೋಗಿ ನಿಲ್ಲಬಹುದಿತ್ತು. ಇಷ್ಟು ಗೌರವದಿಂದ ಕರೆದರೆ ಏನು ಮಾಡುವುದು?

ಅಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಬಿಡಿಸಿ ಪೂರ್ತಿ ಓದಿದಳು, ಮುದ್ರಣಾಲಯದ ಹೆಸರಿನವರೆಗೆ. "ಬರ್ತೇವೆ," ಎಂದಳು.

ಲೀಲ ಚಿಕ್ಕಮ್ಮ ಎದ್ದವರು ಬಾಗಿಲಲ್ಲಿ ತಿರುಗಿದರು. "ಅಕ್ಕ, ಒಳಗಿನ ದೀಪಕ್ಕೆ ಬತ್ತಿ ಎಷ್ಟು?"

"ಐದು. ಮೂಡಕ್ಕಿರುವುದನ್ನು ಮೊದಲು ಹೊತ್ತಿಸು. ಎಣ್ಣೆ ನಿಂತೇ ಎರೆಯಬೇಕು, ಬಗ್ಗಿದ್ರೆ ಸೆರಗು ತಾಗ್ತದೆ," ಎಂದಳು ಅಮ್ಮ. ಅವರು ಹೋದ ಮೇಲೆ ನಾನು ಕೇಳಿದೆ, ಯಾಕೆ ಹೇಳಿಕೊಟ್ಟೆ ಎಂದು. "ಅವಳ ಸೆರಗಿಗೆ ಬೆಂಕಿ ಹಿಡಿದ್ರೆ ನಿನಗೆ ಸಮಾಧಾನ ಆಗ್ತದಾ?" ಎಂದಳು. ಆಗುತ್ತಿತ್ತು ಎಂದು ನಾನು ಹೇಳಲಿಲ್ಲ.

ಆ ದಿನ ಹೋದೆವು. ನನಗೆ ಮನಸ್ಸಿರಲಿಲ್ಲ, ಅಮ್ಮ ಹೊರಟಳು, ನಾನು ಹಿಂದೆ ಹೋದೆ. ಅವಳು ಹೊಸ ಸೀರೆ ಉಡಲಿಲ್ಲ. ಒಳಗೆ ದೀಪ ಇಡುವಾಗ ನಾವು ಅಂಗಳದಲ್ಲಿ, ಪಕ್ಕದ ಮನೆಗಳಿಂದ ಬಂದವರ ಜೊತೆ ನಿಂತಿದ್ದೆವು. ಜನ ಕರಗಿದ ಮೇಲೆ ಚಾವಡಿಗೆ ಹತ್ತಿ ಕೈಮುಗಿದೆವು. ಗೋಡೆಯಲ್ಲಿ ಗಾಜಿನ ಕಟ್ಟಿನೊಳಗೆ ವಂಶವೃಕ್ಷವಿತ್ತು. ನನ್ನದೇ ಚಾರ್ಟು, ನನ್ನದೇ ಅಕ್ಷರ. ಹೊಸದಾಗಿ ಬರೆಸುವ ಶ್ರಮವನ್ನೂ ಅವರು ತೆಗೆದುಕೊಂಡಿರಲಿಲ್ಲ. ಚೆನ್ನಮ್ಮನ ಕೆಳಗಿನ ಗೆರೆಯ ಮತ್ತು ನಮ್ಮ ಹೆಸರುಗಳ ಮೇಲೆ ಬಿಳಿ ಕಾಗದ ಅಂಟಿಸಿ ಬೇರೆ ಯಾರದೋ ಕೈಯಲ್ಲಿ ಬರೆದಿತ್ತು: 'ಸಂತಾನವಿಲ್ಲ'.

ಅಮ್ಮ ಅದನ್ನು ಬಹಳ ಹೊತ್ತು ನೋಡಿದಳು. "ನಮ್ಮನ್ನು ತೆಗೆದದ್ದು ತೆಗೆಯಲಿ," ಎಂದಳು, ನನಗೆ ಮಾತ್ರ ಕೇಳುವಷ್ಟು. "ಚೆನ್ನಮ್ಮಜ್ಜಿಯನ್ನು ಬಂಜೆ ಮಾಡ್ಬಾರದಿತ್ತು. ಅವಳು ಸಾಕಿದ್ದಾಳಲ್ಲ."

ಊಟಕ್ಕೆ ಎರಡನೆಯ ಪಂಕ್ತಿಯಲ್ಲಿ ಜಾಗ ಸಿಕ್ಕಿತು. ಅಮ್ಮನ ಪಕ್ಕ ಅಡೂರಿನ ಕಡೆಯ ಒಬ್ಬ ಹೆಂಗಸು, ಯಾರದೋ ಸೊಸೆಯ ತಾಯಿ, ಮಾತುಗಾರ್ತಿ. ಪಲ್ಯದ ಉಪ್ಪಿನಿಂದ ಶುರುಮಾಡಿ ಅನ್ನ ಬರುವಷ್ಟರಲ್ಲಿ ತನ್ನ ಮಕ್ಕಳ ವಿಷಯ ಮುಗಿಸಿದ್ದಳು. ಆಮೇಲೆ ನಮ್ಮ ಕಡೆ ಎಲ್ಲರೂ ಎಲ್ಲರನ್ನೂ ಕೇಳುವ ಆ ಪ್ರಶ್ನೆಯನ್ನು ಕೇಳಿದಳು.

"ನೀವು ಈ ಮನೆಯವರಿಗೆ ಎಂತ ಆಗ್ಬೇಕು?"

ನಾನು ಬಾಯಿ ತೆರೆದೆ. ಅಮ್ಮ ಎಡಗೈಯನ್ನು ನನ್ನ ಮೊಣಕಾಲ ಮೇಲಿಟ್ಟಳು.

"ಎಂತದೂ ಆಗ್ಬೇಕಾಗಿಲ್ಲ," ಎಂದಳು. "ಕಾಗದ ಕೊಟ್ಟಿದ್ರು. ಬಂದದ್ದು."

"ಓ, ಹಾಗೆ," ಎಂದು ಆಕೆ ಸಾರಿನವನನ್ನು ಕರೆದು, ಮೊದಲು ಅಮ್ಮನ ಎಲೆಗೆ ಬಡಿಸುವಂತೆ ಕೈ ತೋರಿಸಿದಳು.